ಬೆಕ್ಕನ್ನು ಬಿಟ್ಟು ಬಂದರೂ ಚಿಗಟ ಬಿಡದು



ಬೆಕ್ಕು ಸಾಕುವ ಮನೆಗಳಲ್ಲಿ ಮಳೆಗಾಲ ಶುರುವಾಗುತ್ತಿದ್ದಂತೆ ಒಂದು ಮಾತು ಕೇಳಿಬರುತ್ತದೆ: "ಮನೆಯೆಲ್ಲ ಚಿಗಟ ಆಗಿದೆ. ಈ ಬೆಕ್ಕನ್ನು ಗೋಣಿಯಲ್ಲಿ ಹಾಕಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬನ್ನಿ." ಬೆಕ್ಕು ಹೋದರೆ ಅದರ ಜೊತೆ ಚಿಗಟವೂ ಹೋಗುತ್ತದೆ ಎಂದು ಹೆಚ್ಚಿನವರು ನಂಬಿದ್ದಾರೆ. ವಿಜ್ಞಾನ ವಿಭಾಗದಲ್ಲಿ ಓದುವ ನಾವು ಈ ನಂಬಿಕೆಯನ್ನು ಒಮ್ಮೆ ಪರೀಕ್ಷಿಸಿ ನೋಡಬೇಕು. ಕೀಟಗಳ ಜೀವನಚಕ್ರದ ಬಗ್ಗೆ ನಾವು ಓದುವ ಪಾಠ ಪರೀಕ್ಷೆಯ ಅಂಕಕ್ಕೆ ಮಾತ್ರವಲ್ಲ, ಒಂದು ಮೂಕಪ್ರಾಣಿಯ ಜೀವ ಉಳಿಸುವುದಕ್ಕೂ ಉಪಯೋಗಕ್ಕೆ ಬರುತ್ತದೆ.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಬಂತು. ಒಂದು ತಾಯಿ ಬೆಕ್ಕು, ಅದಕ್ಕೆ ಐದು ವಾರದ ಎರಡು ಮರಿಗಳು. ತಂಗಿಯ ಕಾಲಿನ ತುಂಬ ಕೆಂಪು ಗುಳ್ಳೆಗಳು. ಮೂರನ್ನೂ ಬಿಟ್ಟು ಬರಬೇಕೆಂದು ಉಮ್ಮ ತೀರ್ಮಾನಿಸಿದ್ದರು. ನಾನು ಎರಡು ತಿಂಗಳ ಅವಕಾಶ ಕೇಳಿದೆ. ಆ ಎರಡು ತಿಂಗಳಲ್ಲಿ ಪುಸ್ತಕಗಳಿಂದ, ನಮ್ಮೂರಿನ ಪಶುವೈದ್ಯರಿಂದ ಮತ್ತು ಸ್ವತಃ ನೋಡಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಚಿಗಟ ಯಾವುದು, ಯಾವುದಲ್ಲ

ಮನೆಮಾತಿನಲ್ಲಿ ನಾವು ಹೇನು, ಉಣುಗು, ತಿಗಣೆ, ಚಿಗಟ ಎಲ್ಲವನ್ನೂ ಒಂದೇ ಎಂಬಂತೆ ಹೇಳುತ್ತೇವೆ. ಆದರೆ ಇವು ಬೇರೆ ಬೇರೆ. ಉಣುಗಿಗೆ ಎಂಟು ಕಾಲು. ಅದು ಜೇಡ, ಚೇಳುಗಳ ವರ್ಗಕ್ಕೆ ಸೇರಿದ್ದು. ಹೇನು ತನ್ನ ಇಡೀ ಜೀವನವನ್ನು ಕೂದಲಿನಲ್ಲಿಯೇ ಕಳೆಯುತ್ತದೆ. ತಿಗಣೆ ಮಂಚದ ಸಂದಿಯಲ್ಲಿ ಅಡಗಿದ್ದು ರಾತ್ರಿ ಹೊರಬರುತ್ತದೆ. ಚಿಗಟ ಆರು ಕಾಲಿನ, ರೆಕ್ಕೆಯಿಲ್ಲದ, ಕಂದುಬಣ್ಣದ ಕೀಟ. ಉದ್ದ ಎರಡರಿಂದ ಮೂರು ಮಿಲಿಮೀಟರ್. ಅದರ ದೇಹ ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾಗಿರುವುದರಿಂದ ರೋಮಗಳ ನಡುವೆ ಸುಲಭವಾಗಿ ನುಸುಳುತ್ತದೆ. ಬೆರಳಲ್ಲಿ ಹಿಡಿದು ಒತ್ತಿದರೂ ಸುಲಭವಾಗಿ ಸಾಯುವುದಿಲ್ಲ.

ಬೆಕ್ಕಿನ ಚಿಗಟದ ವೈಜ್ಞಾನಿಕ ಹೆಸರು ಟೆನೊಸೆಫಲೈಡಿಸ್ ಫೆಲಿಸ್. ಬೆಕ್ಕಿನ ಹೆಸರೇ ಇದ್ದರೂ ಇದು ನಾಯಿಯನ್ನೂ ಬಿಡುವುದಿಲ್ಲ, ಮನುಷ್ಯರನ್ನೂ ಕಚ್ಚುತ್ತದೆ. ಹಿಂಗಾಲಿನ ಬುಡದಲ್ಲಿರುವ ರೆಸಿಲಿನ್ ಎಂಬ ರಬ್ಬರಿನಂಥ ಪ್ರೋಟೀನು ಬಿಲ್ಲಿನ ಹಾಗೆ ಶಕ್ತಿಯನ್ನು ಕೂಡಿಟ್ಟು ಒಮ್ಮೆಲೇ ಬಿಡುತ್ತದೆ. ಆ ಬಲದಿಂದ ಇದು ಸುಮಾರು 20 ಸೆಂಟಿಮೀಟರ್ ದೂರ ಹಾರುತ್ತದೆ. ನೆಲದಿಂದ ಹಾರುವ ಕಾರಣ ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಮೊಣಕಾಲಿನ ಕೆಳಗೆ. ಆದರೆ ಮನುಷ್ಯರ ಮೈಯಲ್ಲಿ ಇದು ಸಂಸಾರ ಹೂಡುವುದಿಲ್ಲ. ತಲೆಯಲ್ಲಿ ಚಿಗಟ ಆಗುತ್ತದೆ ಎಂದು ಹೆದರಬೇಕಾಗಿಲ್ಲ.

ನಾವು ಕಾಣುವುದು ಇಪ್ಪತ್ತರಲ್ಲಿ ಒಂದು

ಚಿಟ್ಟೆ, ರೇಷ್ಮೆಹುಳುಗಳ ಹಾಗೆ ಚಿಗಟಕ್ಕೂ ಸಂಪೂರ್ಣ ರೂಪಪರಿವರ್ತನೆ ಇದೆ. ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಕೀಟ ಎಂಬ ನಾಲ್ಕು ಹಂತಗಳು. ಈ ನಾಲ್ಕರಲ್ಲಿ ಬೆಕ್ಕಿನ ಮೈಮೇಲೆ ವಾಸಿಸುವುದು ಪ್ರೌಢ ಕೀಟ ಮಾತ್ರ.

ಬೆಕ್ಕಿನ ಮೇಲೆ ಹಾರಿ ಕುಳಿತ ಚಿಗಟ ಕೆಲವೇ ನಿಮಿಷಗಳಲ್ಲಿ ರಕ್ತ ಹೀರಲು ತೊಡಗುತ್ತದೆ. ಒಂದೆರಡು ದಿನದಲ್ಲಿ ಹೆಣ್ಣು ಮೊಟ್ಟೆ ಇಡುತ್ತದೆ. ಚೆನ್ನಾಗಿ ರಕ್ತ ಸಿಕ್ಕರೆ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಹೇನಿನ ಮೊಟ್ಟೆ ಕೂದಲಿಗೆ ಅಂಟಿಕೊಂಡಿರುತ್ತದೆ. ಚಿಗಟದ ಮೊಟ್ಟೆ ಅಂಟುವುದಿಲ್ಲ. ಬಿಳಿ ಹುಡಿಯ ಹಾಗೆ ಬೆಕ್ಕು ಮಲಗಿದಲ್ಲಿ, ನಡೆದಲ್ಲಿ ಉದುರುತ್ತದೆ. ಹೀಗೆ ಬೆಕ್ಕು ತನಗೆ ಗೊತ್ತಿಲ್ಲದೆಯೇ ಮನೆಯಲ್ಲಿ ಮೊಟ್ಟೆ ಬಿತ್ತುತ್ತಾ ಹೋಗುತ್ತದೆ.

ಒಂದರಿಂದ ಹತ್ತು ದಿನದೊಳಗೆ ಮೊಟ್ಟೆಯಿಂದ ನೂಲಿನ ತುಂಡಿನಂಥ ಮರಿಹುಳು ಹೊರಬರುತ್ತದೆ. ಅದಕ್ಕೆ ಬೆಳಕು ಆಗದು. ಮಂಚದ ಅಡಿ, ಚಾಪೆಯ ಕೆಳಗೆ, ನೆಲದ ಬಿರುಕು, ಗೋಣಿಚೀಲದ ಮಡಿಕೆ, ಕಟ್ಟಿಗೆ ರಾಶಿಯ ಮಣ್ಣು ಇವೇ ಅದರ ಅಡಗುತಾಣ. ಅದರ ಆಹಾರ ಪ್ರೌಢ ಚಿಗಟಗಳ ಹಿಕ್ಕೆ, ಅಂದರೆ ಬೆಕ್ಕಿನ ಒಣಗಿದ ರಕ್ತ. ಮರಿಹುಳು ಬದುಕಲು ತೇವವಾದ ಗಾಳಿ ಬೇಕು. ತೇವಾಂಶ ಶೇಕಡಾ 50ಕ್ಕಿಂತ ಕಡಿಮೆಯಾದರೆ ಒಣಗಿ ಸಾಯುತ್ತದೆ, ಉಷ್ಣತೆ 35 ಡಿಗ್ರಿ ದಾಟಿದರೂ ಬದುಕುವುದು ಕಷ್ಟ. ನಮ್ಮ ಕರಾವಳಿಯ ಮಳೆಗಾಲದ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ.

ಮುಂದಿನದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಮರಿಹುಳು ತನ್ನ ಸುತ್ತ ಅಂಟಂಟಾದ ರೇಷ್ಮೆಯ ಗೂಡು ನೇಯುತ್ತದೆ. ಗೂಡಿಗೆ ಧೂಳು, ಮರಳು, ನೂಲು ಅಂಟಿಕೊಂಡು ಅದು ಕಸದ ಕಣದ ಹಾಗೆಯೇ ಕಾಣುತ್ತದೆ. ಸಿಂಪಡಿಸುವ ಔಷಧ ಈ ಗೂಡಿನ ಒಳಗೆ ಸರಿಯಾಗಿ ತಲುಪುವುದಿಲ್ಲ. ಒಳಗಿನ ಚಿಗಟ ಒಂದೆರಡು ವಾರದಲ್ಲಿಯೇ ಸಿದ್ಧವಾದರೂ ಕೂಡಲೇ ಹೊರಬರಬೇಕೆಂದಿಲ್ಲ. ಹತ್ತಿರ ರಕ್ತ ಇರುವ ಪ್ರಾಣಿ ಬಂದಿದೆ ಎಂಬ ಸೂಚನೆಗಾಗಿ ಕಾಯುತ್ತದೆ. ಹೆಜ್ಜೆಯ ಕಂಪನ, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ಇವೇ ಆ ಸೂಚನೆಗಳು. ಅನುಕೂಲ ಪರಿಸ್ಥಿತಿಯಲ್ಲಿ ಅದು ಗೂಡಿನೊಳಗೆ ತಿಂಗಳುಗಟ್ಟಲೆ, ಸುಮಾರು ಐದು ತಿಂಗಳವರೆಗೂ, ಕಾಯಬಲ್ಲದು.

ನಮ್ಮ ಊರುಗಳಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಗಲ್ಫ್‌ನಲ್ಲಿರುವವರ ಮನೆಗಳು ಎಷ್ಟೋ ತಿಂಗಳು ಬೀಗ ಹಾಕಿರುತ್ತವೆ. ಹಿಂದೆ ಬೆಕ್ಕು ಮಲಗುತ್ತಿದ್ದ ಅಂಥ ಮನೆಯ ಬಾಗಿಲು ತೆರೆದು ಒಳಗೆ ಕಾಲಿಟ್ಟ ಕೂಡಲೇ ಹತ್ತಾರು ಚಿಗಟಗಳು ಕಾಲಿಗೆ ಹತ್ತುತ್ತವೆ. "ಬೆಕ್ಕೇ ಇಲ್ಲ, ಚಿಗಟ ಎಲ್ಲಿಂದ ಬಂತು?" ಎಂದು ಮನೆಯವರು ಆಶ್ಚರ್ಯಪಡುತ್ತಾರೆ. ಅವು ಎಲ್ಲಿಂದಲೂ ಬಂದದ್ದಲ್ಲ. ಗೂಡಿನೊಳಗೆ ಕಾಯುತ್ತಿದ್ದವು, ಹೆಜ್ಜೆಯ ಕಂಪನಕ್ಕೆ ಎಚ್ಚರವಾದವು.

ಸಾಮಾನ್ಯವಾಗಿ ಕೊಡುವ ಅಂದಾಜಿನ ಪ್ರಕಾರ, ಚಿಗಟ ಹಿಡಿದ ಮನೆಯೊಂದರಲ್ಲಿ ಅರ್ಧದಷ್ಟು ಮೊಟ್ಟೆಗಳು, ಶೇಕಡಾ 35 ಮರಿಹುಳುಗಳು, ಶೇಕಡಾ 10 ಕೋಶಗಳು. ಪ್ರೌಢ ಚಿಗಟ ಶೇಕಡಾ 5 ಮಾತ್ರ. ಅಂದರೆ ನಾವು ಬೆಕ್ಕಿನ ಮೇಲೆ ಒಂದು ಚಿಗಟ ಕಂಡರೆ ಉಳಿದ ಹತ್ತೊಂಬತ್ತು ನೆಲದಲ್ಲಿವೆ.

ಹಾಗಾದರೆ ಬೆಕ್ಕನ್ನು ಬಿಟ್ಟು ಬಂದರೆ ಏನಾಗುತ್ತದೆ?

ಈಗ ಮೊದಲಿನ ಮಾತಿಗೆ ಬರೋಣ. ಬೆಕ್ಕನ್ನು ಮಾರ್ಕೆಟ್ ಹತ್ತಿರ ಬಿಟ್ಟು ಬಂದಾಗ ಮನೆಯಿಂದ ಹೋದದ್ದು ಇಪ್ಪತ್ತರಲ್ಲಿ ಒಂದು ಪಾಲು. ಉಳಿದದ್ದು ನೆಲದಲ್ಲೇ ಬೆಳೆಯುತ್ತದೆ. ಗೂಡಿನಿಂದ ಹೊರಬಂದ ಹೊಸ ಚಿಗಟಗಳಿಗೆ ಬೆಕ್ಕು ಸಿಗುವುದಿಲ್ಲ, ನಾವು ಸಿಗುತ್ತೇವೆ. ಬೆಕ್ಕು ಹೋದ ಮೇಲೆಯೇ ಕಡಿತ ಹೆಚ್ಚಾಯಿತು ಎಂದು ಹಲವರು ಹೇಳುವುದು ಇದೇ ಕಾರಣಕ್ಕೆ.

ಸರಿಯಾದ ಔಷಧ ಹಾಕಿದ ಬೆಕ್ಕು ಮನೆಯಲ್ಲೇ ಇದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ. ಹೊಸದಾಗಿ ಹೊರಬಂದ ಚಿಗಟಗಳು ತಮಗೆ ಇಷ್ಟವಾದ ಬೆಕ್ಕಿನ ಮೇಲೆಯೇ ಹಾರುತ್ತವೆ, ಮೊಟ್ಟೆ ಇಡುವ ಮೊದಲೇ ಸಾಯುತ್ತವೆ. ಮೊದಲು ಮೊಟ್ಟೆ ಬಿತ್ತುತ್ತಿದ್ದ ಬೆಕ್ಕು ಈಗ ಮನೆತುಂಬ ಓಡಾಡುವ ಬಲೆಯಾಗುತ್ತದೆ. ಪಶುವೈದ್ಯರು ಉಮ್ಮನಿಗೆ ಇದನ್ನೇ ವಿವರಿಸಿದರು. ಬೆಕ್ಕಿನ ಮೇಲಿನ ದಯೆಯಿಂದ ಮಾತ್ರವಲ್ಲ, ಮನೆಯ ಅನುಕೂಲಕ್ಕೂ ಬೆಕ್ಕು ಮನೆಯಲ್ಲಿರಬೇಕು ಎಂದಾಗ ಉಮ್ಮ ಒಪ್ಪಿದರು.

ತುರಿಕೆ ಮಾತ್ರವೇ?

ಚಿಗಟವೆಂದರೆ ಬರೀ ತುರಿಕೆ ಎಂದು ತಿಳಿಯಬಾರದು. ಸುಮಾರು 70 ಹೆಣ್ಣು ಚಿಗಟಗಳು ಸೇರಿ ದಿನಕ್ಕೆ ಒಂದು ಮಿಲಿಲೀಟರಿನಷ್ಟು ರಕ್ತ ಹೀರುತ್ತವೆ. ಅರ್ಧ ಕಿಲೋ ತೂಕದ ಮರಿಯ ದೇಹದಲ್ಲಿ ಇರುವ ಒಟ್ಟು ರಕ್ತ ಸುಮಾರು 30 ಮಿಲಿಲೀಟರ್. ಲೆಕ್ಕ ನೀವೇ ಹಾಕಿ. ಮರಿಯ ವಸಡು ಗುಲಾಬಿ ಬಣ್ಣ ಕಳೆದುಕೊಂಡು ಬಿಳಿಚಿದರೆ, ಅದು ಆಟ ಬಿಟ್ಟು ಮಲಗಿಯೇ ಇದ್ದರೆ ರಕ್ತಹೀನತೆ ಎಂದು ತಿಳಿದು ಆ ದಿನವೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ನಮ್ಮ ಎರಡು ಮರಿಗಳಲ್ಲಿ ಚಿಕ್ಕದು ಆಸ್ಪತ್ರೆಗೆ ತಲುಪುವಾಗಲೇ ತೀರಾ ಸೋತಿತ್ತು. ಅದು ಉಳಿಯಲಿಲ್ಲ. ಇನ್ನೊಂದು ಉಳಿಯಿತು.

ಚಿಗಟದಿಂದ ಬೆಕ್ಕಿಗೆ ಲಾಡಿಹುಳುವೂ ಬರುತ್ತದೆ. ನೆಲದಲ್ಲಿ ಬಿದ್ದ ಲಾಡಿಹುಳುವಿನ ಮೊಟ್ಟೆಯನ್ನು ಚಿಗಟದ ಮರಿಹುಳು ತಿನ್ನುತ್ತದೆ. ಅದು ಪ್ರೌಢ ಚಿಗಟವಾದಾಗ ಬೆಕ್ಕು ಮೈ ನೆಕ್ಕುತ್ತಾ ಅದನ್ನು ನುಂಗುತ್ತದೆ. ಬೆಕ್ಕಿನ ಗುದದ ಬಳಿ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಇದೇ ಎಂದು ಊಹಿಸಬಹುದು. ನೆಲದಲ್ಲಿ ಆಡುವ ಚಿಕ್ಕ ಮಕ್ಕಳು ಅಕಸ್ಮಾತ್ ಚಿಗಟ ನುಂಗಿದರೆ ಅವರಿಗೂ ಬರಬಹುದು. ಬಾರ್ಟೊನೆಲ್ಲ ಎಂಬ ಬ್ಯಾಕ್ಟೀರಿಯ ಚಿಗಟದ ಹಿಕ್ಕೆಯ ಮೂಲಕ ಬೆಕ್ಕಿನ ಉಗುರಿಗೆ ಸೇರಿ, ಪರಚಿದಾಗ ಮನುಷ್ಯರಿಗೆ ಜ್ವರ, ಗಂಟಲಿನ ಅಥವಾ ಕಂಕುಳಿನ ಗ್ರಂಥಿಗಳ ಬಾವು ತರಬಹುದು. ಬೆಕ್ಕು ಪರಚಿದರೆ ಸೋಪು ನೀರಿನಿಂದ ಕೂಡಲೇ ತೊಳೆಯಬೇಕು.

ಪ್ಲೇಗ್ ಹರಡುವುದು ಚಿಗಟದಿಂದ ಎಂಬುದನ್ನು ಫ್ರಾನ್ಸಿನ ವೈದ್ಯ ಪೌಲ್ ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅದೇ ವರ್ಷ ಬೆಂಗಳೂರಿಗೂ ಪ್ಲೇಗ್ ಬಂದಿತ್ತು. ಆದರೆ ಅದರಲ್ಲಿ ಮುಖ್ಯ ಪಾತ್ರ ಇಲಿಯ ಚಿಗಟದ್ದು. ಬೆಕ್ಕಿನ ಚಿಗಟ ಬೇರೆ ಜಾತಿ.

ಮೊದಲು ಖಚಿತಪಡಿಸಿಕೊಳ್ಳಿ

ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಿಂದ ಬೆಕ್ಕಿನ ಕುತ್ತಿಗೆ, ಬೆನ್ನಿನ ಕೊನೆ, ಬಾಲದ ಬುಡವನ್ನು ಬಾಚಿ. ಬಂದ ಕಪ್ಪು ಹುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸಿ. ಅದು ಬರೀ ಮಣ್ಣಾದರೆ ಹಾಗೆಯೇ ಇರುತ್ತದೆ. ಸುತ್ತಲೂ ಕೆಂಪು ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಚಿಗಟ ಕಾಣದಿದ್ದರೂ ಇದೊಂದು ಸಾಕ್ಷಿ ಸಾಕು. ಸಿಕ್ಕಿದ ಚಿಗಟಗಳನ್ನು ಸೋಪು ನೀರಿನ ಪಾತ್ರೆಗೆ ಹಾಕಿ. ಬರೀ ನೀರಿನಲ್ಲಿ ಅವು ತೇಲಿ ಹಾರಿಹೋಗುತ್ತವೆ. ಸೋಪು ಬೆರೆಸಿದರೆ ಮುಳುಗುತ್ತವೆ. ಮೇಲ್ಮೈ ಎಳೆತದ ಪಾಠ ನೆನಪಿದೆಯಲ್ಲವೇ?

ಬೆಕ್ಕಿಗೆ ಎಂದೂ ಹಾಕಬಾರದ್ದು

ಈ ಭಾಗವನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಬೆಕ್ಕಿನ ಯಕೃತ್ತು ನಮ್ಮ ಯಕೃತ್ತಿನಂತೆ ಅಲ್ಲ. ನಾಯಿ, ಮನುಷ್ಯರ ದೇಹ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ ಎಷ್ಟೋ ವಿಷಗಳನ್ನು ಹೊರಹಾಕುತ್ತದೆ. ಬೆಕ್ಕಿಗೆ ಈ ಸಾಮರ್ಥ್ಯ ತೀರಾ ಕಡಿಮೆ. ಆದ್ದರಿಂದ ನಾಯಿಗೆ ಔಷಧವಾದದ್ದು ಬೆಕ್ಕಿಗೆ ವಿಷವಾಗುತ್ತದೆ.

ಪರ್ಮೆತ್ರಿನ್ ಇರುವ ನಾಯಿಯ ಚಿಗಟದ ಔಷಧವನ್ನು ಬೆಕ್ಕಿಗೆ ಹಾಕಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಸೆಳೆತ ಬಂದು ಬೆಕ್ಕು ಸಾಯಬಹುದು. ದನದ ಉಣುಗಿಗೆ ಬಳಸುವ ಡೆಲ್ಟಾಮೆತ್ರಿನ್, ಸೈಪರ್‌ಮೆತ್ರಿನ್, ಅಮಿಟ್ರಾಜ್ ದ್ರಾವಣಗಳನ್ನೂ ಬೆಕ್ಕಿಗೆ ಹಚ್ಚಬಾರದು. ಚಿಮಿಣಿ ಎಣ್ಣೆ, ಫಿನಾಯಿಲ್, ನುಸಿಗುಳಿಗೆ, ಜಿರಳೆ ಮದ್ದು ಯಾವುದೂ ಕೂಡದು. ಬೆಕ್ಕು ಮೈಯನ್ನು ನೆಕ್ಕಿಯೇ ಶುಚಿ ಮಾಡುವ ಪ್ರಾಣಿ. ಅದರ ಮೈಗೆ ಹಚ್ಚಿದ್ದೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಹೋಗುತ್ತದೆ ಎಂಬ ಮಾತೂ ಇದೆ. ಬೆಳ್ಳುಳ್ಳಿ, ಈರುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ.

ಅಕಸ್ಮಾತ್ ಯಾರಾದರೂ ಇಂಥದ್ದನ್ನು ಹಚ್ಚಿಬಿಟ್ಟಿದ್ದರೆ ನಡುಕ ಬರುವವರೆಗೆ ಕಾಯಬೇಡಿ. ಔಷಧದ ಪೊಟ್ಟಣ ಹಿಡಿದುಕೊಂಡು ಬೆಕ್ಕನ್ನು ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಿರಿ.

ಬೆಕ್ಕಿಗೆ ಮಾಡಬೇಕಾದ್ದು

ಫಿಪ್ರೊನಿಲ್, ಸೆಲಮೆಕ್ಟಿನ್, ಇಮಿಡಾಕ್ಲೋಪ್ರಿಡ್ ಇವು ಬೆಕ್ಕಿಗೆ ಬಳಸುವ ಔಷಧಗಳು. ಯಾವುದು, ಎಷ್ಟು ಎಂಬುದನ್ನು ಬೆಕ್ಕಿನ ತೂಕ, ಪ್ರಾಯ ನೋಡಿ ಪಶುವೈದ್ಯರು ಹೇಳಬೇಕು. ಮರಿ ಹಾಕಿದ ಅಥವಾ ಗಬ್ಬದ ಬೆಕ್ಕಾದರೆ ಅದನ್ನೂ ತಿಳಿಸಿ. ಪೊಟ್ಟಣದ ಮೇಲೆ ಬೆಕ್ಕಿಗೆ ಎಂದು ಸ್ಪಷ್ಟವಾಗಿ ಬರೆದಿರಬೇಕು. ಹನಿ ಔಷಧವನ್ನು ಕುತ್ತಿಗೆಯ ಹಿಂಭಾಗದಲ್ಲಿ ರೋಮ ಬಿಡಿಸಿ ಚರ್ಮದ ಮೇಲೆ ಹಾಕಬೇಕು. ಅಲ್ಲಿಗೆ ನಾಲಗೆ ತಲುಪುವುದಿಲ್ಲ. ಒಣಗುವವರೆಗೆ ಮಕ್ಕಳು ಮುಟ್ಟಬಾರದು. ಮನೆಯಲ್ಲಿರುವ ಎಲ್ಲ ಬೆಕ್ಕುಗಳಿಗೂ ಒಂದೇ ದಿನ ಹಾಕಬೇಕು. ಮನೆಯಲ್ಲಿ ಮೊಲ ಇದ್ದರೆ ನೆನಪಿಡಿ, ಫಿಪ್ರೊನಿಲ್ ಮೊಲಕ್ಕೆ ಪ್ರಾಣಾಪಾಯ ತರುತ್ತದೆ.

ತೀರಾ ಚಿಕ್ಕ ಮರಿಗಳಿಗೆ ಹೆಚ್ಚಿನ ಔಷಧಗಳು ಆಗುವುದಿಲ್ಲ. ನಮ್ಮ ಮರಿಗೆ ವೈದ್ಯರು ಹೇಳಿದ್ದು ಬಾಚಣಿಗೆ ಮಾತ್ರ. ದಿನಕ್ಕೆ ಎರಡು ಸಲ ಬಾಚುವುದು, ಉಗುರುಬೆಚ್ಚಗಿನ ನೀರಿನಲ್ಲಿ ಮೈ ತೊಳೆದು ಕೂಡಲೇ ಬಟ್ಟೆಯಿಂದ ಒರೆಸಿ ಬೆಚ್ಚಗಿಡುವುದು. ಲಾಡಿಹುಳುವಿಗೂ ಅವರೇ ಬೇರೆ ಔಷಧ ಕೊಡುತ್ತಾರೆ.

ಮನೆಗೆ ಮಾಡಬೇಕಾದ್ದು

ಮೊದಲು ಬೆಕ್ಕು ಎಲ್ಲೆಲ್ಲಿ ಮಲಗುತ್ತದೆ ಎಂದು ಎರಡು ದಿನ ಗಮನಿಸಿ ಪಟ್ಟಿ ಮಾಡಿ. ನಮ್ಮ ಪಟ್ಟಿಯಲ್ಲಿ ಇದ್ದದ್ದು ಸೋಫಾದ ಮೂಲೆ, ಮಂಚದ ಅಡಿ, ಮಡಚಿಟ್ಟ ಮುಸಲ್ಲಾಗಳ ರಾಶಿ, ಹಿಂಬದಿಯ ಕಟ್ಟಿಗೆ ಕೊಟ್ಟಿಗೆಯ ಗೋಣಿ. ಮೊಟ್ಟೆಗಳು ಹೆಚ್ಚಾಗಿ ಇರುವುದು ಇಂಥ ಜಾಗಗಳಲ್ಲೇ.

ಹೊದಿಕೆ, ದಿಂಬಿನ ಬಟ್ಟೆ, ಮುಸಲ್ಲಾ, ಬೆಕ್ಕಿನ ಹಾಸಿಗೆ ಇವನ್ನು ವಾರಕ್ಕೊಮ್ಮೆ ಚೆನ್ನಾಗಿ ಬಿಸಿಯಾದ ನೀರಿನಲ್ಲಿ, 60 ಡಿಗ್ರಿಯಷ್ಟಾದರೆ ಒಳ್ಳೆಯದು, ಒಗೆದು ಬಿಸಿಲಿಗೆ ಹಾಕಿ. ಹಳೆಯ ಗೋಣಿಗಳನ್ನು ತೆಗೆದುಬಿಡಿ. ದಿನಾಲೂ ಮಂಚದ ಅಡಿ, ಮೂಲೆ, ಬಿರುಕುಗಳನ್ನು ಹಿಡಿಸೂಡಿಯಿಂದ ಗುಡಿಸಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು. ಗುಡಿಸಿದ ಧೂಳನ್ನು ಅಂಗಳಕ್ಕೆ ಎಸೆಯದೆ ಸೋಪು ನೀರಿಗೆ ಹಾಕಿ. ಗುಡಿಸುವುದರಿಂದ ಎರಡು ಲಾಭ. ಮೊಟ್ಟೆ, ಮರಿಹುಳುಗಳ ಆಹಾರ ಹೋಗುತ್ತದೆ. ಕಂಪನದಿಂದ ಗೂಡಿನಲ್ಲಿರುವ ಚಿಗಟಗಳು ಬೇಗ ಹೊರಬಂದು ಔಷಧ ಹಾಕಿದ ಬೆಕ್ಕಿನ ಮೇಲೆ ಹಾರುತ್ತವೆ. ಕಾಟ ತೀರಾ ಹೆಚ್ಚಿದ್ದರೆ ಮೊಟ್ಟೆ, ಮರಿಹುಳುಗಳ ಬೆಳವಣಿಗೆ ತಡೆಯುವ ಮೆಥೊಪ್ರಿನ್ ಅಥವಾ ಪೈರಿಪ್ರಾಕ್ಸಿಫೆನ್ ಇರುವ ಔಷಧವನ್ನು ತಿಳಿದವರಿಂದ ನೆಲಕ್ಕೆ ಸಿಂಪಡಿಸಬಹುದು. ನೆಲ ಒಣಗುವವರೆಗೆ ಬೆಕ್ಕು, ಮಕ್ಕಳು ಹೊರಗಿರಬೇಕು.

ಮೂರನೆಯ ವಾರದ ಪರೀಕ್ಷೆ

ನಾನು ಪ್ರತಿ ಶುಕ್ರವಾರ ಸಂಜೆ ತಾಯಿ ಬೆಕ್ಕನ್ನು ಹತ್ತು ನಿಮಿಷ ಬಾಚಿ ಸಿಕ್ಕಿದ ಚಿಗಟಗಳನ್ನು ಎಣಿಸಿ ಬರೆದಿಟ್ಟೆ. ಔಷಧ ಹಾಕುವ ಮೊದಲು 31. ಮುಂದಿನ ವಾರ 4. ಎರಡನೆಯ ವಾರ 7. ಮೂರನೆಯ ವಾರ 12. ಮನೆಯಲ್ಲಿ ಎಲ್ಲರೂ "ಮದ್ದು ಹಿಡಿಯಲಿಲ್ಲ, ಇನ್ನು ಬಿಟ್ಟು ಬರುವುದೇ ಸರಿ" ಎಂದದ್ದು ಆಗಲೇ. ಆದರೆ ಜೀವನಚಕ್ರದ ಚಿತ್ರ ನೋಡಿದರೆ ಈ ಏರಿಕೆ ಬರಲೇಬೇಕಾದದ್ದು. ಔಷಧ ಹಾಕುವ ಮೊದಲೇ ನೆಲಕ್ಕೆ ಬಿದ್ದಿದ್ದ ಮೊಟ್ಟೆಗಳು ಈಗ ಚಿಗಟಗಳಾಗಿ ಬರುತ್ತಿವೆ. ಅವು ಬೆಕ್ಕಿನ ಮೇಲೆ ಒಂದೆರಡು ದಿನ ಜೀವಂತ ಕಂಡರೂ ಮೊಟ್ಟೆ ಇಡುವಷ್ಟು ಬದುಕುವುದಿಲ್ಲ. ಐದನೆಯ ವಾರ, ಎರಡನೆಯ ಸಲ ಔಷಧ ಹಾಕಿದ ಮೇಲೆ, 5 ಸಿಕ್ಕಿತು. ಏಳನೆಯ ವಾರ 1. ಒಂಬತ್ತನೆಯ ವಾರದಿಂದ ಸೊನ್ನೆ. ಆದರೂ ಮೂರನೆಯ ತಿಂಗಳ ಹನಿಯನ್ನು ತಪ್ಪಿಸಲಿಲ್ಲ. ಗೂಡಿನಲ್ಲಿ ಕಾಯುವವು ಇನ್ನೂ ಇರಬಹುದು ಎಂದು ವೈದ್ಯರು ಎಚ್ಚರಿಸಿದ್ದರು.

ಹೆಚ್ಚಿನ ಬೆಕ್ಕುಗಳು ಬೀದಿಪಾಲಾಗುವುದು ಈ ಎರಡನೆಯ, ಮೂರನೆಯ ವಾರದಲ್ಲಿ ಎಂದು ನನಗೆ ಅನಿಸುತ್ತದೆ. ಚಿಗಟ ಗೆದ್ದದ್ದಕ್ಕಲ್ಲ, ನಾವು ಇನ್ನು ಕೆಲವು ವಾರ ತಾಳದೆ ಹೋದದ್ದಕ್ಕೆ. ಮೀನು ಮಾರ್ಕೆಟ್ ಹತ್ತಿರ ಬಿಟ್ಟ ಮನೆಬೆಕ್ಕಿಗೆ ಅಲ್ಲಿನ ನಾಯಿ, ಲಾರಿ, ಹಸಿವು ಯಾವುದೂ ಅಭ್ಯಾಸವಿರುವುದಿಲ್ಲ. ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಗೋಣಿಚೀಲದ ಮಾತು ಬಂದರೆ ಒಂದು ಕಾಗದದಲ್ಲಿ ನಾಲ್ಕು ಹಂತಗಳ ಚಿತ್ರ ಬರೆದು ತೋರಿಸಿ, ಮೂರು ತಿಂಗಳ ಅವಕಾಶ ಕೇಳಿ.

ಯೋಚಿಸಿ ಉತ್ತರಿಸಿ

1. ಚಿಗಟದ ಯಾವ ಹಂತಕ್ಕೆ ಸಿಂಪಡಿಸುವ ಔಷಧ ತಲುಪುವುದಿಲ್ಲ? ಏಕೆ?
2. ಹೇನಿನ ಮೊಟ್ಟೆಗೂ ಚಿಗಟದ ಮೊಟ್ಟೆಗೂ ಇರುವ ಒಂದು ವ್ಯತ್ಯಾಸದಿಂದ ಚಿಕಿತ್ಸೆಯ ವಿಧಾನ ಹೇಗೆ ಬದಲಾಗುತ್ತದೆ?
3. 10 ಹೆಣ್ಣು ಚಿಗಟಗಳು ದಿನಕ್ಕೆ 40ರಂತೆ ಮೊಟ್ಟೆ ಇಟ್ಟರೆ 10 ದಿನಗಳಲ್ಲಿ ನೆಲಕ್ಕೆ ಬೀಳುವ ಮೊಟ್ಟೆಗಳೆಷ್ಟು?
4. ನಾಯಿಗೆ ಹಾಕುವ ಪರ್ಮೆತ್ರಿನ್ ಬೆಕ್ಕಿಗೆ ಏಕೆ ವಿಷ?
5. ಬೀಗ ಹಾಕಿದ್ದ ಮನೆಯನ್ನು ತೆರೆದ ಕೂಡಲೇ ಚಿಗಟ ಕಚ್ಚುವುದೇಕೆ?